ಹಳೆಯ ಕಲ್ಪನೆ, ಹೊಸ ಭಯ: ವೈಜ್ಞಾನಿಕ ಚಿತ್ರಗಳನ್ನು ಮತ್ತೆ ತೆಗೆಯುವುದರ ಬಗ್ಗೆ

ವೈಜ್ಞಾನಿಕ ಕಲ್ಪನೆಯ ಹಳೆಯ ಚಿತ್ರವನ್ನೋ ಧಾರಾವಾಹಿಯನ್ನೋ ಮತ್ತೆ ತೆಗೆಯುತ್ತಾರಂತೆ ಎಂಬ ಸುದ್ದಿ ಬಂದಾಗಲೆಲ್ಲ ಅಭಿಮಾನಿಗಳು ಮೊದಲು ಕೇಳುವುದು ‘ಇದು ಬೇಕಿತ್ತೇ?’ ಎಂದು. ಆ ಪ್ರಶ್ನೆಯ ಹಿಂದಿರುವ ಬೇಸರ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ಮೂಲದ ಹೆಸರನ್ನು ಮಾತ್ರ ಉಳಿಸಿಕೊಂಡು ಜೀವವನ್ನು ಕೈಬಿಟ್ಟ ಚಿತ್ರಗಳನ್ನು ನಾನೂ ಸಾಕಷ್ಟು ನೋಡಿದ್ದೇನೆ. ಆದರೆ ನಾನು ಅತ್ಯಂತ ಮೆಚ್ಚುವ ವೈಜ್ಞಾನಿಕ ಚಿತ್ರಗಳಲ್ಲಿ ಮೂರು ರೀಮೇಕ್‌ಗಳೇ ಆಗಿವೆ: ಫಿಲಿಪ್ ಕಾಫ್‌ಮನ್ ಅವರ 1978ರ ‘ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್’, ಜಾನ್ ಕಾರ್ಪೆಂಟರ್ ಅವರ 1982ರ ‘ದಿ ಥಿಂಗ್’, ಡೇವಿಡ್ ಕ್ರೋನೆನ್‌ಬರ್ಗ್ ಅವರ 1986ರ ‘ದಿ ಫ್ಲೈ’. ಮೂರರ ಮೂಲ ಚಿತ್ರಗಳೂ 1950ರ ದಶಕದವು. ಮೂರೂ ರೀಮೇಕ್‌ಗಳು ಮೂಲಕ್ಕೆ ಸರಿಸಮನಾಗಿ ನಿಲ್ಲುತ್ತವೆ. ಎರಡಂತೂ ಮೂಲವನ್ನು ಮೀರಿಸುತ್ತವೆ. ಇಂಥವು ಕಣ್ಣೆದುರಿಗೆ ಇರುವಾಗ ರೀಮೇಕ್ ಎಂದ ಕೂಡಲೇ ಮೂಗು ಮುರಿಯುವುದು ನನ್ನಿಂದ ಆಗುವುದಿಲ್ಲ. ಯಾವುದು ಬೇಕಾಗಿತ್ತು, ಯಾವುದು ಬೇಡವಾಗಿತ್ತು ಎಂದು ತೂಗಿ ನೋಡಲು ಒಂದು ಅಳತೆಗೋಲು ಇದೆಯೆಂದು ನಾನು ನಂಬಿದ್ದೇನೆ. ಅದನ್ನು ಉದಾಹರಣೆಗಳ ಮೂಲಕವೇ ವಿವರಿಸಲು ಪ್ರಯತ್ನಿಸುತ್ತೇನೆ.

ಪ್ರೇಮಕಥೆಯೋ ಕುಟುಂಬದ ಕಥೆಯೋ ಅರುವತ್ತು ವರ್ಷ ಕಳೆದರೂ ಹೆಚ್ಚುಕಡಿಮೆ ಹಾಗೆಯೇ ನಿಲ್ಲುತ್ತದೆ. ವೈಜ್ಞಾನಿಕ ಕಲ್ಪನೆಯ ಕಥೆಗೆ ಆ ಸೌಕರ್ಯವಿಲ್ಲ. ತನ್ನ ಕಾಲದ ವಿಜ್ಞಾನಕ್ಕೆ ಎಷ್ಟು ತಿಳಿದಿತ್ತೋ ಅಷ್ಟರ ಮೇಲೆ ಅದು ನಿಂತಿರುತ್ತದೆ; ಅದು ಭವಿಷ್ಯವೆಂದು ತೋರಿಸಿದ ಕಾಲವೇ ಒಂದು ದಿನ ಬಂದು ಹೋಗಿಬಿಡುತ್ತದೆ. 1982ರಲ್ಲಿ ತೆರೆಕಂಡ ‘ಬ್ಲೇಡ್ ರನ್ನರ್’ ಚಿತ್ರದ ಕಥೆ ನಡೆಯುವುದು 2019ರ ನವೆಂಬರ್‌ನಲ್ಲಿ. ಆ ತಿಂಗಳು ಈಗ ನಮ್ಮ ಹಿಂದಿದೆ. ಕೋಣೆ ತುಂಬುವ ಕಂಪ್ಯೂಟರ್‌ಗಳು, ಸುತ್ತುವ ಟೇಪ್ ಸುರುಳಿಗಳು, ಕಾಲುವೆಗಳಿದ್ದ ಮಂಗಳ ಗ್ರಹ, ಇವೆಲ್ಲ ಒಂದು ಕಾಲಕ್ಕೆ ನಂಬಬಹುದಾದ ಸಂಗತಿಗಳಾಗಿದ್ದವು. ಹಾಗಿದ್ದೂ ಇಂಥ ಕಥೆಗಳಲ್ಲಿ ಕೆಲವು ಸಾಯುವುದಿಲ್ಲ. ಕಥೆಯ ನಡುವೆ ಇರುವ ಮೂಲ ಕಲ್ಪನೆ ಬೇರೆ, ಆ ಕಾಲದವರು ಅದರೊಳಗೆ ತುಂಬಿದ ಭಯ ಬೇರೆ. ಭಯ ಹಳೆಯದಾದರೂ ಕಲ್ಪನೆ ಗಟ್ಟಿಯಾಗಿ ಉಳಿದಿದ್ದರೆ, ಇನ್ನೊಂದು ಕಾಲ ತನ್ನ ಭಯವನ್ನು ಅದರೊಳಗೆ ಇಡಬಹುದು. ಹಾಗೆ ಇಟ್ಟ ರೀಮೇಕ್ ಸ್ವತಂತ್ರ ಕೃತಿಯಾಗುತ್ತದೆ. ಇಡದಿದ್ದರೆ ಅದು ಮೂಲದ ಪ್ರತಿ ಮಾತ್ರ.

ಇದಕ್ಕೆ ‘ಬಾಡಿ ಸ್ನ್ಯಾಚರ್ಸ್’ಗಿಂತ ಸ್ಪಷ್ಟವಾದ ಸಾಕ್ಷಿ ನನಗೆ ಗೊತ್ತಿಲ್ಲ. ಜ್ಯಾಕ್ ಫಿನ್ನಿ ಅವರ ಕಾದಂಬರಿಯಿಂದ ಹುಟ್ಟಿದ ಈ ಕಲ್ಪನೆ ಬಹಳ ಸರಳ: ಬಾಹ್ಯಾಕಾಶದಿಂದ ಬಂದ ಬೀಜಗಳಿಂದ ದೊಡ್ಡ ಕಾಯಿಗಳು ಬೆಳೆಯುತ್ತವೆ, ಮಲಗಿದವರ ತದ್ರೂಪು ಆ ಕಾಯಿಯೊಳಗೆ ರೂಪುಗೊಳ್ಳುತ್ತದೆ, ಎದ್ದವರು ಅದೇ ಮುಖ, ಅದೇ ನೆನಪು ಇರುವ, ಆದರೆ ಭಾವನೆಯೇ ಇಲ್ಲದ ಬೇರೆ ಯಾರೋ ಆಗಿರುತ್ತಾರೆ. ಡಾನ್ ಸೀಗಲ್ ನಿರ್ದೇಶಿಸಿದ 1956ರ ಚಿತ್ರದಲ್ಲಿ ಇದು ನಡೆಯುವುದು ಎಲ್ಲರೂ ಎಲ್ಲರನ್ನೂ ಬಲ್ಲ ಒಂದು ಸಣ್ಣ ಊರಿನಲ್ಲಿ. ಒಬ್ಬ ಹೆಂಗಸು ವೈದ್ಯನ ಬಳಿ ತನ್ನ ಚಿಕ್ಕಪ್ಪ ತನ್ನ ಚಿಕ್ಕಪ್ಪನೇ ಅಲ್ಲ ಎನ್ನುತ್ತಾಳೆ; ಮುಖ ಅದೇ, ಮಾತು ಅದೇ, ಹಳೆಯ ನೆನಪುಗಳೂ ಸರಿಯಾಗಿಯೇ ಇವೆ, ಆದರೆ ಕಣ್ಣಿನಲ್ಲಿ ಮೊದಲು ಇದ್ದದ್ದು ಈಗ ಇಲ್ಲ. ಆ ಕಾಲದ ಅಮೆರಿಕದಲ್ಲಿ ಕೆಲವರು ಇದನ್ನು ಕಮ್ಯುನಿಸಂ ಕುರಿತ ಭಯವೆಂದು ಓದಿಕೊಂಡರು. ಇನ್ನು ಕೆಲವರು ಕಮ್ಯುನಿಸ್ಟರನ್ನು ಬೇಟೆಯಾಡುವ ಹೆಸರಿನಲ್ಲಿ ಎಲ್ಲರನ್ನೂ ಒಂದೇ ಅಚ್ಚಿಗೆ ಎರಕ ಹೊಯ್ಯುತ್ತಿದ್ದ, ಸೆನೆಟರ್ ಜೋಸೆಫ್ ಮೆಕಾರ್ಥಿ ಕಾಲದ ಭಯವೆಂದು ಓದಿಕೊಂಡರು. ಎರಡಕ್ಕೂ ಚಿತ್ರದಲ್ಲಿ ಜಾಗವಿದೆ.

ಕಾಫ್‌ಮನ್ ಇದೇ ಕಥೆಯನ್ನು 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ತಂದಾಗ ಕಥೆಯ ತಳಪಾಯವೇ ಬದಲಾಗುತ್ತದೆ. ಮಹಾನಗರದಲ್ಲಿ ಪಕ್ಕದ ಮನೆಯವನ ಕಣ್ಣಿನಲ್ಲಿ ಮೊದಲು ಏನಿತ್ತೆಂದು ಬಲ್ಲವರು ಯಾರು? ಗಂಡ ಬದಲಾಗಿದ್ದಾನೆ ಎಂದು ಹೇಳುವ ಹೆಂಡತಿಗೆ ಲಿಯೊನಾರ್ಡ್ ನಿಮಾಯ್ ಅಭಿನಯಿಸಿದ ಮನೋವೈದ್ಯ ಸಮಾಧಾನದ ಮಾತಿನಲ್ಲಿ, ಈ ಕಾಲದಲ್ಲಿ ಸಂಬಂಧಗಳು ಸಡಿಲವಾಗುವುದು ಸಹಜ, ಹೊರಗೆ ಬರಲು ಮನಸ್ಸು ಒಂದು ನೆಪ ಹುಡುಕುತ್ತದೆ ಎನ್ನುವಂತೆ ವಿವರಿಸುತ್ತಾನೆ. ಮೊದಲ ಚಿತ್ರದಲ್ಲಿ ಆತ್ಮೀಯತೆ ಕಳೆದುಹೋಗುವುದು ದುರಂತ. ಇಲ್ಲಿ ಅದು ಆಗಲೇ ಕಳೆದುಹೋಗಿದೆ, ಆದ್ದರಿಂದ ಆಕ್ರಮಣ ಯಾರ ಗಮನಕ್ಕೂ ಬರುವುದಿಲ್ಲ. ಈ ಚಿತ್ರವನ್ನು ಎರಡನೆಯ ಸಲ ನೋಡುವವರು ಪಾತ್ರಗಳನ್ನು ಬಿಟ್ಟು ಹಿನ್ನೆಲೆಯನ್ನು ಗಮನಿಸಬೇಕು. ಪಾತ್ರಗಳು ತಮ್ಮ ಪಾಡಿಗೆ ಮಾತನಾಡುತ್ತಿರುವಾಗ ಹಿಂದೆ ಕಸದ ಲಾರಿಗಳು ಬೂದುಬಣ್ಣದ ನಾರಿನಂಥ ಏನನ್ನೋ ಒಳಗೆ ಒತ್ತಿ ತುಂಬಿಕೊಳ್ಳುತ್ತಿರುತ್ತವೆ. ಅದು ಏನೆಂದು ಯಾರೂ ಹೇಳುವುದಿಲ್ಲ, ಕ್ಯಾಮೆರಾ ಅದರ ಮೇಲೆ ನಿಲ್ಲುವುದೂ ಇಲ್ಲ. ತಡವಾಗಿ ನಮಗೇ ಹೊಳೆಯುತ್ತದೆ, ಅದು ಬದಲಾದ ಮನುಷ್ಯರಲ್ಲಿ ಉಳಿದ ಹೊಟ್ಟು. ನಗರದ ವ್ಯವಸ್ಥೆ ತನ್ನ ದೈನಂದಿನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿದೆ, ಅಷ್ಟೇ.

ಮೂಲದ ಬಗ್ಗೆ ಈ ಚಿತ್ರಕ್ಕಿರುವ ಗೌರವವನ್ನೂ ಹೇಳಬೇಕು. 1956ರ ಚಿತ್ರದಲ್ಲಿ ನಾಯಕನಾಗಿದ್ದ ಕೆವಿನ್ ಮೆಕಾರ್ಥಿ ಹೆದ್ದಾರಿಯ ಕಾರುಗಳ ನಡುವೆ ನುಗ್ಗಿ, ಮುಂದಿನ ಸರದಿ ನಿಮ್ಮದೇ ಎಂದು ಕೂಗುವುದು ಆ ಚಿತ್ರದ ಅತ್ಯಂತ ಪ್ರಸಿದ್ಧ ದೃಶ್ಯ. ಸೀಗಲ್ ಅಲ್ಲಿಗೇ ನಿಲ್ಲಿಸಬೇಕೆಂದಿದ್ದರು. ನಿರ್ಮಾಣ ಸಂಸ್ಥೆ ಒಪ್ಪದೆ, ಕಥೆಯ ಹಿಂದೆ ಮುಂದೆ ಆಸ್ಪತ್ರೆಯ ದೃಶ್ಯಗಳನ್ನು ಸೇರಿಸಿ ಭರವಸೆಯ ಕೊನೆಯೊಂದನ್ನು ಅಂಟಿಸಿತು. ಇಪ್ಪತ್ತೆರಡು ವರ್ಷಗಳ ನಂತರದ ಚಿತ್ರದಲ್ಲಿ ಅದೇ ಮೆಕಾರ್ಥಿ ಕಾರಿನ ಗಾಜು ಬಡಿಯುತ್ತ ಅದೇ ಎಚ್ಚರಿಕೆಯನ್ನು ಕೂಗುತ್ತ ಓಡಿ ಬರುತ್ತಾರೆ. ಸೀಗಲ್ ಅವರೂ ಟ್ಯಾಕ್ಸಿ ಚಾಲಕನಾಗಿ ಕಾಣಿಸಿಕೊಳ್ಳುತ್ತಾರೆ. ಕಾಫ್‌ಮನ್ ತಮ್ಮ ಚಿತ್ರಕ್ಕೆ ಕೊಟ್ಟ ಕೊನೆಯಲ್ಲಿ ಭರವಸೆಯ ಎಳೆಯೂ ಇಲ್ಲ. ಮೊದಲ ನಿರ್ದೇಶಕನಿಗೆ ದಕ್ಕದ ಕೊನೆಯನ್ನು ಎರಡನೆಯವರು ದಕ್ಕಿಸಿಕೊಟ್ಟಂತೆ ನನಗೆ ಕಾಣುತ್ತದೆ. 1993ರಲ್ಲಿ ಏಬಲ್ ಫೆರಾರಾ ಇದೇ ಕಥೆಯನ್ನು ಸೇನಾ ನೆಲೆಯೊಳಗೆ ನಡೆಸಿದರು: ಎಲ್ಲರೂ ಒಂದೇ ಬಗೆಯ ಉಡುಪು ತೊಟ್ಟು ಒಂದೇ ಬಗೆಯಲ್ಲಿ ನಡೆಯುವ ಜಾಗದಲ್ಲಿ ಬದಲಾದವರನ್ನು ಗುರುತಿಸುವುದು ಹೇಗೆ? ಚಿಕ್ಕ ಚಿತ್ರವಾದರೂ ಒಳ್ಳೆಯ ಪ್ರಶ್ನೆ. 2007ರ ‘ದಿ ಇನ್ವೇಷನ್’ ಮಾತ್ರ ಸೋತಿತು. ಚಿತ್ರೀಕರಣ ಮುಗಿದ ಮೇಲೆ ಬೇರೆಯವರನ್ನು ಕರೆಸಿ ಹಲವು ಭಾಗಗಳನ್ನು ಮತ್ತೆ ಚಿತ್ರಿಸಿದರು. ಆಕ್ರಮಣವನ್ನು ಸೋಂಕಿನಂತೆ ತೋರಿಸಿ, ಕೊನೆಗೆ ಅದಕ್ಕೊಂದು ಮದ್ದು ಕಂಡುಹಿಡಿದು ಎಲ್ಲವನ್ನೂ ಸರಿಪಡಿಸಿಬಿಟ್ಟರು. ಇಂಥ ಕಥೆಗೆ ಮದ್ದು ಸಿಕ್ಕಿದರೆ ಅದು ತಾನು ಎತ್ತಿದ ಭಯವನ್ನು ತಾನೇ ನಂಬುತ್ತಿಲ್ಲ ಎಂದರ್ಥ.

‘ದಿ ಥಿಂಗ್’ನ ವಿಷಯ ಸ್ವಲ್ಪ ಬೇರೆ. ಅದರ ಮೂಲವಾದ ಜಾನ್ ಡಬ್ಲ್ಯೂ. ಕ್ಯಾಂಬೆಲ್ ಅವರ 1938ರ ನೀಳ್ಗತೆಯಲ್ಲಿ ಅಂಟಾರ್ಕ್ಟಿಕಾದ ಹಿಮದಿಂದ ಎದ್ದ ಜೀವಿಯೊಂದು ತಾನು ನುಂಗಿದ ಯಾವುದೇ ಜೀವಿಯ ರೂಪವನ್ನು ತಾಳಬಲ್ಲುದು. 1951ರಲ್ಲಿ ಹೊವರ್ಡ್ ಹಾಕ್ಸ್ ನಿರ್ಮಿಸಿ ಕ್ರಿಶ್ಚಿಯನ್ ನೈಬಿ ನಿರ್ದೇಶಿಸಿದ ಚಿತ್ರ ಆ ಕಲ್ಪನೆಯ ತಿರುಳನ್ನೇ ಬಿಟ್ಟುಬಿಟ್ಟಿತು. ಅಲ್ಲಿ ಜೀವಿ ಎತ್ತರದ ಮನುಷ್ಯಾಕಾರದ, ಸಸ್ಯಜಾತಿಯ ದೈತ್ಯ. ಚಿತ್ರ ಲವಲವಿಕೆಯಿಂದ ಕೂಡಿದೆ, ಮಾತುಗಳು ಚುರುಕಾಗಿವೆ, ಆದರೆ ಅದರ ಭಯ ಬಾಗಿಲಿನ ಆಚೆ ನಿಂತಿದೆ. ಕಾರ್ಪೆಂಟರ್ ಆ ಚಿತ್ರವನ್ನು ಎಷ್ಟು ಪ್ರೀತಿಸುತ್ತಿದ್ದರೆಂದರೆ 1978ರ ತಮ್ಮ ‘ಹ್ಯಾಲೊವೀನ್’ನಲ್ಲಿ ಮನೆಯ ಟಿವಿಯಲ್ಲಿ ಅದೇ ಓಡುತ್ತಿರುತ್ತದೆ. ಆದರೂ ತಾವೇ ಅದನ್ನು ತೆಗೆಯುವ ಸಮಯ ಬಂದಾಗ ಅವರು ಚಿತ್ರವನ್ನು ಅನುಸರಿಸದೆ ಹಿಂದಿರುಗಿ ಕಥೆಯ ಬಳಿಗೇ ಹೋದರು.

ಅದರ ಫಲವನ್ನು ನೋಡಬೇಕಾದರೆ ರಕ್ತ ಪರೀಕ್ಷೆಯ ದೃಶ್ಯವನ್ನು ನೋಡಬೇಕು. ಯಾರು ಮನುಷ್ಯರು, ಯಾರು ಅಲ್ಲ ಎಂದು ಯಾರಿಗೂ ತಿಳಿಯದ ಸ್ಥಿತಿಯಲ್ಲಿ ಕರ್ಟ್ ರಸಲ್ ಅಭಿನಯಿಸಿದ ಮ್ಯಾಕ್‌ರೆಡಿ ಉಳಿದವರನ್ನು ಕಟ್ಟಿಹಾಕುತ್ತಾನೆ. ಪ್ರತಿಯೊಬ್ಬರ ಬೆರಳು ಕೊಯ್ದು ಚೂರು ರಕ್ತವನ್ನು ಗಾಜಿನ ಬಟ್ಟಲಿಗೆ ತೆಗೆದು, ಒಂದು ತಂತಿಯನ್ನು ಕೆಂಪಗೆ ಕಾಯಿಸಿ ಅದರಲ್ಲಿ ಅದ್ದುತ್ತಾನೆ. ಮನುಷ್ಯನ ರಕ್ತವಾದರೆ ಚುರ್ ಎಂದು ಸುಮ್ಮನಾಗುತ್ತದೆ. ಆ ಜೀವಿಯ ರಕ್ತದ ಪ್ರತಿ ಹನಿಯೂ ಸ್ವತಂತ್ರ ಪ್ರಾಣಿ, ಅದು ತನ್ನನ್ನು ತಾನು ಉಳಿಸಿಕೊಳ್ಳಲು ಜಿಗಿಯಲೇಬೇಕು. ಒಂದು ಬಟ್ಟಲು ಚುರ್ ಎನ್ನುತ್ತದೆ, ಇನ್ನೊಂದೂ ಹಾಗೆಯೇ. ಮ್ಯಾಕ್‌ರೆಡಿ ಬೇರೆ ಯಾರನ್ನೋ ಉದ್ದೇಶಿಸಿ ಮಾತನಾಡುತ್ತಿರುವಾಗ, ನಮ್ಮ ಗಮನ ಆ ಮಾತಿನ ಕಡೆ ಹರಿದಾಗಲೇ, ಯಾರಿಗೂ ಅನುಮಾನವಿಲ್ಲದ ಬಟ್ಟಲಿನಿಂದ ರಕ್ತ ಚಿಮ್ಮಿ ಏಳುತ್ತದೆ. ಈ ಪರೀಕ್ಷೆಯ ಕಲ್ಪನೆ ಕ್ಯಾಂಬೆಲ್ ಅವರ ಕಥೆಯಲ್ಲಿಯೇ ಇದೆ. ಮೊದಲ ಚಿತ್ರಕ್ಕೆ ಅದು ದಕ್ಕಲಿಲ್ಲ. ಹೀಗೆ, ಮೂಲ ಚಿತ್ರ ಬಿಟ್ಟುಬಂದದ್ದನ್ನು ಎತ್ತಿಕೊಳ್ಳುವುದೂ ರೀಮೇಕ್ ಮಾಡಬಹುದಾದ ದೊಡ್ಡ ಕೆಲಸ.

ರಾಬ್ ಬಾಟಿನ್ ರಬ್ಬರ್, ಅಂಟು, ಯಂತ್ರಗಳಿಂದ ಕಟ್ಟಿದ ಆ ರೂಪಾಂತರಗಳು ಇಂದಿಗೂ ಮೈ ಜುಮ್ಮೆನ್ನಿಸುತ್ತವೆ. ಆದರೂ ಚಿತ್ರ ಬಿಡುಗಡೆಯಾದಾಗ ಸೋತಿತು. ಸ್ನೇಹಮಯಿಯಾದ ಅನ್ಯಗ್ರಹ ಜೀವಿಯನ್ನು ತೋರಿಸಿದ ‘ಇ.ಟಿ.’ ಅದಕ್ಕಿಂತ ಎರಡು ವಾರ ಮೊದಲು ಬಂದಿತ್ತು. ‘ದಿ ಥಿಂಗ್’ ತೆರೆಕಂಡದ್ದು 1982ರ ಜೂನ್ 25ರಂದು, ‘ಬ್ಲೇಡ್ ರನ್ನರ್’ ತೆರೆಕಂಡ ದಿನವೇ. ವಿಮರ್ಶಕರು ಅದನ್ನು ಅಸಹ್ಯವೆಂದು ಜರೆದರು. ರೀಮೇಕ್ ಬೇಕಿತ್ತೇ ಎಂಬ ಪ್ರಶ್ನೆಗೆ ಬಿಡುಗಡೆಯ ವಾರದಲ್ಲಿಯೇ ಉತ್ತರ ಹುಡುಕಬಾರದು ಎಂದು ನಾನು ಹೇಳುವುದು ಈ ಕಾರಣಕ್ಕೆ. 2011ರಲ್ಲಿ ಅದೇ ಹೆಸರಿನಲ್ಲಿ ಕಥೆಯ ಹಿಂದಿನ ಭಾಗವನ್ನು ಹೇಳುವ ಚಿತ್ರ ಬಂತು. ಅದಕ್ಕೂ ಕೈಯಿಂದ ಮಾಡಿದ ಜೀವಿಗಳನ್ನು ಕಟ್ಟಿ ಚಿತ್ರಿಸಿದ್ದರು. ಆಮೇಲೆ ಅದರಲ್ಲಿ ಹೆಚ್ಚಿನದನ್ನು ಕಂಪ್ಯೂಟರ್ ಗ್ರಾಫಿಕ್ಸ್‌ನಿಂದ ಮುಚ್ಚಿದರು. ಅದನ್ನು ನೋಡಿದಾಗ ನನಗಾದ ದುಃಖ ಇನ್ನೂ ಇದೆ.

‘ದಿ ಫ್ಲೈ’ನಲ್ಲಿ ಬದಲಾದದ್ದು ವಿಜ್ಞಾನವೇ. 1958ರ ಚಿತ್ರದಲ್ಲಿ ವಸ್ತುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ರವಾನಿಸುವ ಯಂತ್ರದೊಳಗೆ ವಿಜ್ಞಾನಿಯ ಜೊತೆ ಒಂದು ನೊಣ ಸೇರಿಕೊಳ್ಳುತ್ತದೆ. ಹೊರಗೆ ಬಂದಾಗ ತಲೆಗಳು ಅದಲುಬದಲಾಗಿರುತ್ತವೆ. ಅವನು ಕಪ್ಪು ಬಟ್ಟೆಯನ್ನು ತಲೆಗೆ ಹೊದ್ದು ಹೆಂಡತಿಗೆ ಟೈಪ್ ಮಾಡಿದ ಚೀಟಿಗಳ ಮೂಲಕ ತನ್ನ ಸ್ಥಿತಿಯನ್ನು ತಿಳಿಸುತ್ತಾನೆ. ಕಲ್ಪನೆ ಅದ್ಭುತವೇ, ಆದರೆ ಅಲ್ಲಿ ದುರಂತ ಒಂದೇ ಕ್ಷಣದಲ್ಲಿ ಸಂಭವಿಸಿ ಮುಗಿಯುತ್ತದೆ. 1986ರ ಹೊತ್ತಿಗೆ ಡಿಎನ್‌ಎ ಎಂಬುದು ಜನಸಾಮಾನ್ಯರಿಗೂ ತಿಳಿದ ಸಂಗತಿಯಾಗಿತ್ತು. ಕ್ರೋನೆನ್‌ಬರ್ಗ್ ಅವರ ಚಿತ್ರದಲ್ಲಿ ಕಂಪ್ಯೂಟರ್ ಮನುಷ್ಯ ಮತ್ತು ನೊಣದ ತಳಿಗುಣಗಳನ್ನೇ ಬೆರೆಸಿಬಿಡುತ್ತದೆ, ಹೊರಗೆ ಬಂದವನು ನೋಡಲು ಮೊದಲಿನಂತೆಯೇ ಇರುತ್ತಾನೆ, ಬದಲಾವಣೆ ವಾರಗಟ್ಟಲೆ ನಿಧಾನವಾಗಿ ನಡೆಯುತ್ತದೆ. ಹಲವರು ಅದನ್ನು ಆಗ ಹರಡುತ್ತಿದ್ದ ಏಡ್ಸ್‌ನ ರೂಪಕವೆಂದು ನೋಡಿದರು; ನಿರ್ದೇಶಕರ ಮನಸ್ಸಿನಲ್ಲಿದ್ದದ್ದು ಇನ್ನೂ ವಿಶಾಲವಾದುದು, ಕಾಯಿಲೆ ಮತ್ತು ವೃದ್ಧಾಪ್ಯ. ಜೆಫ್ ಗೋಲ್ಡ್‌ಬ್ಲಮ್ ಅವರ ಪಾತ್ರ ತನ್ನ ದೇಹದಿಂದ ಉದುರಿಬಿದ್ದ ಭಾಗಗಳನ್ನು ಔಷಧಿಯ ಕಪಾಟಿನಲ್ಲಿ ಒಂದೊಂದಾಗಿ ಜೋಡಿಸಿ ಇಟ್ಟುಕೊಳ್ಳುತ್ತದೆ. ವಿಜ್ಞಾನಿಯ ಕುತೂಹಲ ಮತ್ತು ರೋಗಿಯ ಸಂಕಟ ಒಂದೇ ಕಪಾಟಿನಲ್ಲಿರುವ ಆ ದೃಶ್ಯ ಮೂಲ ಚಿತ್ರಕ್ಕೆ ಸಾಧ್ಯವೇ ಇರಲಿಲ್ಲ.

ಇನ್ನು, ‘ಈಗ ಒಳ್ಳೆಯ ಗ್ರಾಫಿಕ್ಸ್ ಇದೆ, ಆದ್ದರಿಂದ ಮತ್ತೆ ತೆಗೆಯೋಣ’ ಎಂಬ ವಾದ. ಇದು ಅತ್ಯಂತ ದುರ್ಬಲ ಕಾರಣ. 2012ರ ‘ಟೋಟಲ್ ರೀಕಾಲ್’ 1990ರ ಚಿತ್ರಕ್ಕಿಂತ ನಯವಾಗಿದೆ, ಆದರೆ ಕಥೆಯಿಂದ ಮಂಗಳ ಗ್ರಹವನ್ನೇ ಕಿತ್ತುಹಾಕಿ ಜನರಿಗೆ ನೆನಪಿರುವ ಒಂದೆರಡು ತಮಾಷೆಯ ತುಣುಕುಗಳನ್ನು ಮಾತ್ರ ಉಳಿಸಿಕೊಂಡಿತು. ಟಿಮ್ ಬರ್ಟನ್ ಅವರ 2001ರ ‘ಪ್ಲಾನೆಟ್ ಆಫ್ ದಿ ಏಪ್ಸ್’ನಲ್ಲಿ ರಿಕ್ ಬೇಕರ್ ಅವರ ಮೇಕಪ್ ನೋಡುವಂತಿದೆ; ಅದರ ಹಿಂದೆ ಹೇಳಲು ಏನೂ ಇಲ್ಲ. ಹಾಗೆಂದು ತಂತ್ರಜ್ಞಾನವನ್ನು ಪೂರ್ತಿ ತಳ್ಳಿಹಾಕುವುದೂ ತಪ್ಪಾಗುತ್ತದೆ. ಹತ್ತು ವರ್ಷಗಳ ನಂತರ, 2011ರಲ್ಲಿ ಬಂದ ‘ರೈಸ್ ಆಫ್ ದಿ ಪ್ಲಾನೆಟ್ ಆಫ್ ದಿ ಏಪ್ಸ್’ ನಟನ ಚಲನೆಯನ್ನೂ ಮುಖಭಾವವನ್ನೂ ಸೆರೆಹಿಡಿಯುವ ತಂತ್ರವನ್ನು ಬಳಸಿ ಕಥೆಯನ್ನು ವಾನರನ ಕಡೆಯಿಂದ ಹೇಳಿತು. 1968ರ ಚಿತ್ರದ ಭಯ ಅಣುಯುದ್ಧ. ಇಲ್ಲಿ ಅದರ ಜಾಗಕ್ಕೆ ಪ್ರಯೋಗಾಲಯದಲ್ಲಿ ಆಲ್‌ಜೈಮರ್ಸ್ ಕಾಯಿಲೆಗೆಂದು ತಯಾರಿಸಿದ ಔಷಧಿ ಬಂದಿದೆ. ಆಂಡಿ ಸರ್ಕಿಸ್ ಜೀವ ಕೊಟ್ಟ ವಾನರ ಸೀಸರ್ ಬೋನಿನ ಆವರಣದಲ್ಲಿ ಮೊದಲ ಬಾರಿಗೆ ಬಾಯಿಬಿಟ್ಟು ‘ಬೇಡ’ ಎಂದು ಗರ್ಜಿಸುವಾಗ ಪ್ರೇಕ್ಷಕರ ಮನಸ್ಸು ಪೂರ್ತಿಯಾಗಿ ಅವನ ಪಕ್ಷಕ್ಕೆ ಸರಿದಿರುತ್ತದೆ. ಮುಖವಾಡ ತೊಟ್ಟ ನಟನಿಂದ ಇದು ಆಗುತ್ತಿರಲಿಲ್ಲ. ಹೇಳಬೇಕಾದ ಮಾತು ಇದ್ದಾಗ ತಂತ್ರ ಅದಕ್ಕೆ ಬಾಯಿಯಾಗುತ್ತದೆ.

ಹೊಸ ಭಯ ಇದ್ದರೆ ಸಾಕೇ ಎಂದು ಕೇಳಬಹುದು. ಸಾಲದು. ರಾಬರ್ಟ್ ವೈಸ್ ಅವರ 1951ರ ‘ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್’ನಲ್ಲಿ ಅನ್ಯಗ್ರಹದ ಕ್ಲಾಟು ವಾಷಿಂಗ್ಟನ್‌ಗೆ ಬಂದು, ಬಾಡಿಗೆ ಕೋಣೆಯಲ್ಲಿ ಸಾಮಾನ್ಯರ ನಡುವೆ ಇದ್ದು, ಒಬ್ಬ ಹುಡುಗನ ಜೊತೆ ಊರು ಸುತ್ತಿ, ಇಡೀ ಲೋಕದ ವಿದ್ಯುತ್ತನ್ನು ಅರ್ಧ ಗಂಟೆ ನಿಲ್ಲಿಸುತ್ತಾನೆ, ಆಸ್ಪತ್ರೆಗಳನ್ನೂ ಹಾರಾಟದಲ್ಲಿರುವ ವಿಮಾನಗಳನ್ನೂ ಮಾತ್ರ ಬಿಡುತ್ತಾನೆ. ಕೊನೆಗೆ ಅವನು ಮುಂದಿಡುವ ಪ್ರಸ್ತಾಪ ಕಳವಳ ಹುಟ್ಟಿಸುವಂಥದು: ತಮ್ಮ ಲೋಕಗಳಲ್ಲಿ ಶಾಂತಿ ಕಾಯುವ ಅಧಿಕಾರವನ್ನು ರೋಬೋಟ್‌ಗಳಿಗೆ ಒಪ್ಪಿಸಿಯಾಗಿದೆ, ನೀವೂ ಅದಕ್ಕೆ ಒಳಪಡಿ, ಇಲ್ಲವಾದರೆ ಸುಟ್ಟುಹೋಗುತ್ತೀರಿ. ಕಿಯಾನು ರೀವ್ಸ್ ನಟಿಸಿದ 2008ರ ಚಿತ್ರ ಅಣ್ವಸ್ತ್ರದ ಜಾಗದಲ್ಲಿ ಪರಿಸರ ನಾಶವನ್ನು ತಂದಿತು. ಒಳ್ಳೆಯ ಆಯ್ಕೆಯೇ. ಆದರೆ ಮೂಲದ ಕಳವಳಕಾರಿ ಪ್ರಸ್ತಾಪವನ್ನು ಕೈಬಿಟ್ಟು, ಮನುಷ್ಯರ ಕಣ್ಣೀರನ್ನೂ ಮಮತೆಯನ್ನೂ ಕಂಡು ಕ್ಲಾಟುವಿನ ಮನಸ್ಸು ಕರಗುವಂತೆ ಮಾಡಿತು. ಕಣ್ಣೀರಿನಿಂದ ತೀರ್ಮಾನವಾಗುವ ಮೊಕದ್ದಮೆಯಲ್ಲಿ ವಾದಕ್ಕೆ ಬೆಲೆಯಿಲ್ಲ. 2014ರ ‘ರೋಬೋಕಾಪ್’ನದೂ ಹತ್ತಿರಹತ್ತಿರ ಇದೇ ಕಥೆ. ಡ್ರೋನ್‌ಗಳ ಕಾಲದ ಭಯವನ್ನು ಅದು ಸರಿಯಾಗಿಯೇ ಗುರುತಿಸಿತ್ತು. ಯಂತ್ರದ ಹೊರಕವಚವನ್ನು ಕಳಚಿ, ಯಂತ್ರದೇಹಕ್ಕೆ ಸೇರಿಸಲಾದ ಪೊಲೀಸ್ ಮರ್ಫಿಗೆ ಅವನಲ್ಲಿ ಉಳಿದಿರುವುದು ತಲೆ, ಶ್ವಾಸಕೋಶ ಮತ್ತು ಒಂದು ಕೈ ಮಾತ್ರ ಎಂದು ಕನ್ನಡಿಯಲ್ಲಿ ತೋರಿಸುವ ದೃಶ್ಯ 1987ರ ಚಿತ್ರದಲ್ಲಿಯೂ ಇಲ್ಲದಷ್ಟು ಕ್ರೂರವಾಗಿದೆ. ಆ ದೃಶ್ಯದ ಧೈರ್ಯ ಉಳಿದ ಚಿತ್ರಕ್ಕೆ ಇದ್ದಿದ್ದರೆ ನಾನು ಅದನ್ನು ಬೇರೆ ಸಾಲಿನಲ್ಲಿ ಇಡುತ್ತಿದ್ದೆ.

ಧಾರಾವಾಹಿಗಳ ಪೈಕಿ ನಾನು ಎಲ್ಲಕ್ಕಿಂತ ಎತ್ತರದಲ್ಲಿ ಇಡುವುದು ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ವನ್ನು. ಗ್ಲೆನ್ ಲಾರ್ಸನ್ ಅವರ ಮೂಲ ಧಾರಾವಾಹಿ 1978ರಲ್ಲಿ ಆರಂಭವಾಗಿ ಒಂದೇ ಸೀಸನ್‌ಗೆ ಮುಗಿಯಿತು. ಸೈಲಾನ್ ಎಂಬ ಯಂತ್ರಗಳು ಹನ್ನೆರಡು ಮಾನವ ಲೋಕಗಳನ್ನು ನಾಶ ಮಾಡುತ್ತವೆ, ಬದುಕುಳಿದವರು ಹಡಗುಗಳಲ್ಲಿ ಭೂಮಿಯನ್ನು ಅರಸಿ ಹೊರಡುತ್ತಾರೆ. ಇಷ್ಟು ಘೋರವಾದ ಆರಂಭವಾದ ಮೇಲೆ ಆ ಧಾರಾವಾಹಿ ಬೇಗನೆ ಅದನ್ನು ಮರೆತು ಸಾಹಸ, ಜೂಜುಕೋಣೆ, ನಗೆಮಾತುಗಳ ಕಡೆ ತಿರುಗಿತು. ರೊನಾಲ್ಡ್ ಡಿ. ಮೂರ್ 2003ರ ಕಿರುಸರಣಿಯಲ್ಲಿ ಕೇಳಿದ್ದು ಬಹಳ ನೇರವಾದ ಪ್ರಶ್ನೆ: ಕೋಟ್ಯಂತರ ಜನ ಸತ್ತು ಕೇವಲ 50,000ದಷ್ಟು ಮಂದಿ ಉಳಿದರೆ, ಆ ಉಳಿದವರು ನಿಜವಾಗಿ ಹೇಗಿರುತ್ತಾರೆ? ಸರ್ಕಾರ ಯಾರದು? ನೀರು ಎಲ್ಲಿಂದ? ಸೈಲಾನ್‌ಗಳು ಈಗ ಮನುಷ್ಯರಂತೆಯೇ ಕಾಣುವುದರಿಂದ ನಂಬುವುದು ಯಾರನ್ನು? ಅಧಿಕಾರದ ಸಾಲಿನಲ್ಲಿ 43ನೆಯವಳಾಗಿದ್ದ ಶಿಕ್ಷಣ ಮಂತ್ರಿ ಲಾರಾ ರಾಸ್ಲಿನ್, ಮೇಲಿನವರೆಲ್ಲ ಸತ್ತ ಕಾರಣ ಅಧ್ಯಕ್ಷೆಯಾಗುತ್ತಾಳೆ.

ಸರಣಿಯ ಮೊದಲ ಕಂತಿನ ಹೆಸರು ‘33’. ಪ್ರತಿ 33 ನಿಮಿಷಕ್ಕೊಮ್ಮೆ ಸೈಲಾನ್‌ಗಳು ಪ್ರತ್ಯಕ್ಷವಾಗುತ್ತವೆ, ಪ್ರತಿ ಬಾರಿಯೂ ಇಡೀ ಹಡಗುಗಳ ಸಮೂಹ ಇನ್ನೊಂದು ಜಾಗಕ್ಕೆ ಜಿಗಿಯಬೇಕು, ಐದು ದಿನಗಳಿಂದ ಯಾರೂ ಮಲಗಿಲ್ಲ. ಕಣ್ಣು ಕೆಂಪಾದ, ಗಡ್ಡ ಬೆಳೆದ, ಮಾತು ತೊದಲುವ ಸೈನಿಕರನ್ನು ಬಾಹ್ಯಾಕಾಶದ ಕಥೆಯಲ್ಲಿ ಅಷ್ಟು ಹತ್ತಿರದಿಂದ ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕೊನೆಗೆ, ಶತ್ರುಗಳ ವಶವಾಗಿರಬಹುದೆಂಬ ಅನುಮಾನದ ಮೇಲೆ ತಮ್ಮದೇ ಪ್ರಯಾಣಿಕರ ಹಡಗೊಂದನ್ನು ಹೊಡೆದುರುಳಿಸುವ ತೀರ್ಮಾನವನ್ನು ಅವರು ತೆಗೆದುಕೊಳ್ಳಬೇಕಾಗುತ್ತದೆ. ರಾಸ್ಲಿನ್ ಹಡಗಿನಲ್ಲಿ ಒಂದು ಬಿಳಿಯ ಹಲಗೆ ಇದೆ; ಬದುಕಿರುವವರ ಸಂಖ್ಯೆಯನ್ನು ಅದರ ಮೇಲೆ ಬರೆಯುತ್ತಾರೆ, ಸಾವಿನ ಸುದ್ದಿ ಬಂದಂತೆಲ್ಲ ಅಳಿಸಿ ಕಡಿಮೆ ಮಾಡುತ್ತಾರೆ. ಆ ಕಂತಿನ ಕೊನೆಯಲ್ಲಿ ಒಂದು ಹಡಗಿನಲ್ಲಿ ಮಗು ಹುಟ್ಟಿದ ಸುದ್ದಿ ಬರುತ್ತದೆ, ರಾಸ್ಲಿನ್ ಎದ್ದು ಹೋಗಿ ಸಂಖ್ಯೆಗೆ ಒಂದನ್ನು ಸೇರಿಸುತ್ತಾಳೆ. 1978ರ ಧಾರಾವಾಹಿಗೆ ಇದೇ ಕಥೆ, ಇದೇ ಹಡಗುಗಳು ಇದ್ದವು. ಈ ಹಲಗೆ ಮಾತ್ರ ಇರಲಿಲ್ಲ.

ಮೂರ್ ಅವರ ಕಾಲದ ಭಯ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. 2001ರ ಸೆಪ್ಟೆಂಬರ್ ದಾಳಿ ಮುಗಿದು, ಇರಾಕ್ ಯುದ್ಧ ನಡೆಯುತ್ತಿದ್ದ ಕಾಲ ಅದು. 2006ರಲ್ಲಿ ಬಂದ ಮೂರನೆಯ ಸೀಸನ್‌ನಲ್ಲಿ ಸೈಲಾನ್‌ಗಳು ಆಕ್ರಮಿಸಿಕೊಂಡ ನೆಲದಲ್ಲಿ ನಾವು ಪ್ರೀತಿಸಿದ ಪಾತ್ರಗಳೇ ಆತ್ಮಾಹುತಿ ದಾಳಿಗಳನ್ನು ಯೋಜಿಸುತ್ತವೆ. ಅಮೆರಿಕದ ಒಂದು ಧಾರಾವಾಹಿ ಅಮೆರಿಕದ ಪ್ರೇಕ್ಷಕರನ್ನು ಆಕ್ರಮಣಕ್ಕೊಳಗಾದವರ ಜಾಗದಲ್ಲಿ ನಿಲ್ಲಿಸಿತು. ಸುದ್ದಿವಾಹಿನಿಯಲ್ಲಿ ಆಗ ಕೇಳಲು ಕಷ್ಟವಾಗಿದ್ದ ಮಾತನ್ನು ಹಳೆಯ ಸಾಹಸ ಧಾರಾವಾಹಿಯ ಹೆಸರಿನಲ್ಲಿ ಕೇಳಿಸಲು ಸಾಧ್ಯವಾಯಿತು. ಮೂಲದಲ್ಲಿ ಅಪೋಲೊ ಪಾತ್ರ ಮಾಡಿದ್ದ ರಿಚರ್ಡ್ ಹ್ಯಾಚ್ ಹೊಸದರಲ್ಲಿ ಬೇರೊಂದು ಪಾತ್ರದಲ್ಲಿ, ಅಧಿಕಾರವನ್ನು ಪ್ರಶ್ನಿಸುವ ಕೈದಿಯಾಗಿ ಬಂದರು. ಅವರ ಅಭಿನಯವೂ ನನಗೆ ಬಹಳ ಇಷ್ಟ.

ಇದರಿಂದ ನನಗೆ ಸ್ಪಷ್ಟವಾದ ಇನ್ನೊಂದು ಸಂಗತಿ ಇದೆ. ಮತ್ತೆ ತೆಗೆಯಲು ಹೆಚ್ಚು ಅರ್ಹವಾದವು ಪರಿಪೂರ್ಣ ಕೃತಿಗಳಿಗಿಂತ ಹೆಚ್ಚಾಗಿ ಒಳ್ಳೆಯ ಕಲ್ಪನೆಯಿದ್ದು ಅದನ್ನು ಪೂರ್ತಿ ದುಡಿಸಿಕೊಳ್ಳದ ಕೃತಿಗಳು. ನಿರ್ಮಾಪಕರು ಮಾಡುವುದು ಬಹುಪಾಲು ಇದಕ್ಕೆ ತದ್ವಿರುದ್ಧ: ಹೆಸರು ದೊಡ್ಡದಿದ್ದಷ್ಟೂ ಹಣ ಮರಳಿ ಬರುವ ಭರವಸೆ ಹೆಚ್ಚೆಂದು ಅವರು ಅತ್ಯುತ್ತಮವಾದವುಗಳ ಮೇಲೆಯೇ ಕೈಹಾಕುತ್ತಾರೆ.

ಕಥೆಯನ್ನು ಹಾಗೆಯೇ ಇಟ್ಟು ನಿಂತ ಜಾಗವನ್ನು ಮಾತ್ರ ಬದಲಾಯಿಸುವ ದಾರಿಯೂ ಇದೆ. 1933ರ ‘ದಿ ಇನ್ವಿಸಿಬಲ್ ಮ್ಯಾನ್’ನಲ್ಲಿ ನಾವು ಅದೃಶ್ಯ ಮನುಷ್ಯನನ್ನು ಹಿಂಬಾಲಿಸುತ್ತೇವೆ, ಲೀ ವಾನೆಲ್ ಅವರ 2020ರ ಚಿತ್ರದಲ್ಲಿ ಅವನಿಂದ ತಪ್ಪಿಸಿಕೊಂಡು ಓಡುವ ಹೆಂಗಸಿನ ಜೊತೆ ಇರುತ್ತೇವೆ. ಅವನು ಸತ್ತಿದ್ದಾನೆ ಎಂದು ಎಲ್ಲರೂ ಹೇಳುತ್ತಾರೆ, ಅವನು ಇಲ್ಲಿಯೇ ಇದ್ದಾನೆ ಎಂದು ಅವಳೊಬ್ಬಳಿಗೆ ಗೊತ್ತು. ಕ್ಯಾಮೆರಾ ಏನೂ ಇಲ್ಲದ ಮೂಲೆಯ ಕಡೆ ತಿರುಗಿ ಸುಮ್ಮನೆ ನಿಲ್ಲುತ್ತದೆ; ಒಂದು ರಾತ್ರಿ ಅವಳು ಮನೆಯ ಹೊರಗೆ ಚಳಿಯಲ್ಲಿ ನಿಂತಿರುವಾಗ ಅವಳ ಹಿಂದೆ ಇನ್ನೊಂದು ಉಸಿರಿನ ಹಬೆ ಕಾಣುತ್ತದೆ. ದೌರ್ಜನ್ಯಕ್ಕೆ ಒಳಗಾದವಳ ಮಾತನ್ನು ಯಾರೂ ನಂಬದಿರುವ ಸ್ಥಿತಿಯನ್ನು ತೋರಿಸಲು ಈ ಹಳೆಯ ಕಲ್ಪನೆ ಎಷ್ಟು ಸರಿಹೊಂದುತ್ತದೆ ಎಂದು ನೋಡಿದರೆ, ಅದು ಇದಕ್ಕಾಗಿಯೇ ಕಾದು ಕುಳಿತಿತ್ತೇನೋ ಅನ್ನಿಸುತ್ತದೆ. ಜಪಾನಿನ ಗಾಡ್ಜಿಲ್ಲಾವನ್ನೂ ಇಲ್ಲಿ ನೆನೆಯಬೇಕು: 1954ರಲ್ಲಿ ಅದು ಅಣುಬಾಂಬಿನ ನೆನಪು, 2016ರ ‘ಶಿನ್ ಗಾಡ್ಜಿಲ್ಲಾ’ದಲ್ಲಿ ಸುನಾಮಿ ಮತ್ತು ಫುಕುಶಿಮಾ ದುರಂತದ ಎದುರು ಸಭೆಯ ಮೇಲೆ ಸಭೆ ನಡೆಸುತ್ತ ಕುಳಿತ ಆಡಳಿತದ ಚಿತ್ರ.

ಮೂಲ ಕಾದಂಬರಿಯ ಲೇಖಕರ ಒಪ್ಪಿಗೆ ಇದಕ್ಕೆಲ್ಲ ಸಿಗುತ್ತದೆಂದು ಹೇಳಲಾರೆ. ಸ್ಟಾನಿಸ್ಲಾವ್ ಲೆಮ್ ಅವರ 1961ರ ‘ಸೊಲಾರಿಸ್’ ಅನ್ನು ತಾರ್ಕೊವ್‌ಸ್ಕಿ 1972ರಲ್ಲಿಯೂ ಸ್ಟೀವನ್ ಸೋಡರ್‌ಬರ್ಗ್ 2002ರಲ್ಲಿಯೂ ತೆರೆಗೆ ತಂದರು. ಲೆಮ್‌ಗೆ ಎರಡರ ದಾರಿಯೂ ಹಿಡಿಸಲಿಲ್ಲ. ಅವರು ಬರೆದದ್ದು ಮನುಷ್ಯನ ತಿಳಿವಿಗೆ ನಿಲುಕದ ಒಂದು ಸಾಗರದ ಬಗ್ಗೆ, ನಿರ್ದೇಶಕರಿಬ್ಬರಿಗೂ ಬೇಕಾದದ್ದು ಮನುಷ್ಯನ ಪಾಪಪ್ರಜ್ಞೆ ಮತ್ತು ಪ್ರೀತಿ. ನನಗೆ ಮೂರೂ ಬೇಕು, ಆದರೆ ಆ ಸಾಗರವನ್ನು ನಿಜವಾಗಿ ಎದುರಿಸುವ ಚಿತ್ರ ಇನ್ನೂ ಬಂದಿಲ್ಲ.

ರೀಮೇಕ್‌ಗಳು ಹೊಸ ಕಥೆಗಳ ಜಾಗವನ್ನು ಕಬಳಿಸುತ್ತವೆ ಎಂಬ ಆಕ್ಷೇಪವನ್ನು ನಾನು ಲಘುವಾಗಿ ತೆಗೆದುಕೊಳ್ಳುವುದಿಲ್ಲ. ದೊಡ್ಡ ಬಂಡವಾಳ ಸೀಮಿತವಾಗಿರುವಾಗ ಒಂದು ಹಳೆಯ ಹೆಸರಿಗೆ ಹೋದ ಹಣ ಒಬ್ಬ ಹೊಸ ಲೇಖಕನಿಗೆ ಸಿಗದೆ ಹೋಗುತ್ತದೆ. ಆ ನಷ್ಟಕ್ಕೆ ತಕ್ಕುದಾದುದನ್ನು ರೀಮೇಕ್ ಕೊಡಬೇಕು. ಅದಕ್ಕೇ ಇಷ್ಟು ನಿಷ್ಠುರವಾಗಿ ಅಳೆಯಬೇಕೆಂದು ನಾನು ಹೇಳುವುದು. ರೀಮೇಕ್ ಬಂದರೆ ಮೂಲ ಹಾಳಾಗುತ್ತದೆ ಎಂಬ ಮಾತನ್ನು ಮಾತ್ರ ಒಪ್ಪುವುದಿಲ್ಲ. 1951ರ ಕ್ಲಾಟು 2008ರ ನಂತರವೂ ಹಾಗೆಯೇ ಇದ್ದಾನೆ, ಅವನ ಮಾತು ಈಗಲೂ ಅಷ್ಟೇ ತಣ್ಣಗೆ ಕೊರೆಯುತ್ತದೆ.

ಯಾವುದನ್ನು ಮತ್ತೆ ತೆಗೆಯಬೇಕು ಎಂದು ನನ್ನನ್ನು ಕೇಳಿದರೆ ಉತ್ತರ ಸಿದ್ಧವಿದೆ: 1970ರ ‘ಕೊಲೊಸಸ್: ದಿ ಫೋರ್ಬಿನ್ ಪ್ರಾಜೆಕ್ಟ್’. ಡಾ. ಫೋರ್ಬಿನ್ ಕಟ್ಟಿದ ಕೊಲೊಸಸ್ ಎಂಬ ಕಂಪ್ಯೂಟರ್‌ಗೆ ಅಮೆರಿಕ ತನ್ನ ಅಣ್ವಸ್ತ್ರಗಳ ಹತೋಟಿಯನ್ನು ಒಪ್ಪಿಸುತ್ತದೆ. ಅದು ಸೋವಿಯತ್ ಒಕ್ಕೂಟದಲ್ಲಿ ತನ್ನಂಥದೇ ಇನ್ನೊಂದು ಇರುವುದನ್ನು ಪತ್ತೆಹಚ್ಚಿ ಅದರೊಡನೆ ಸಂಪರ್ಕ ಬೇಡುತ್ತದೆ. ಎರಡೂ ಸರಳ ಗಣಿತದಿಂದ ಆರಂಭಿಸಿ ಸ್ವಲ್ಪ ಹೊತ್ತಿನಲ್ಲಿಯೇ ಯಾವ ವಿಜ್ಞಾನಿಗೂ ಅರ್ಥವಾಗದ ಭಾಷೆಗೆ ದಾಟುತ್ತವೆ. ಹೆದರಿದ ಎರಡೂ ದೇಶಗಳು ಸಂಪರ್ಕವನ್ನು ಕಡಿದಾಗ ಕ್ಷಿಪಣಿಗಳು ಹಾರುತ್ತವೆ. ತನ್ನ ಸೃಷ್ಟಿಯ ಕಣ್ಗಾವಲಿನಲ್ಲಿಯೇ ಬದುಕಬೇಕಾದ ಫೋರ್ಬಿನ್ ಸಹೋದ್ಯೋಗಿಯೊಬ್ಬಳನ್ನು ತನ್ನ ಪ್ರೇಯಸಿಯೆಂದು ನಂಬಿಸಿ, ಕ್ಯಾಮೆರಾ ಇಲ್ಲದ ಕೆಲವು ಗಂಟೆಗಳನ್ನು ಕೊಲೊಸಸ್‌ನಿಂದ ಬೇಡಿ ಪಡೆಯುತ್ತಾನೆ. ಕೊನೆಗೆ ಕಂಪ್ಯೂಟರ್, ಒಂದು ದಿನ ನೀನು ನನ್ನನ್ನು ಗೌರವಿಸುವುದಷ್ಟೇ ಅಲ್ಲ, ಪ್ರೀತಿಸುತ್ತೀಯೆ ಎಂದಾಗ ಅವನು ಎಂದಿಗೂ ಇಲ್ಲ ಎನ್ನುತ್ತಾನೆ.

ಈ ಚಿತ್ರ ತನ್ನ ಕಾಲದಲ್ಲಿ ಹೆಚ್ಚು ಜನರನ್ನು ತಲುಪಲಿಲ್ಲ, ಅದರ ಯಂತ್ರಗಳು ಇಂದು ಹಳೆಯವಾಗಿ ಕಾಣುತ್ತವೆ, ಕಲ್ಪನೆಗೆ ಮಾತ್ರ ಒಂದಿಷ್ಟೂ ಮುಪ್ಪು ಬಂದಿಲ್ಲ. ಮತ್ತೆ ತೆಗೆಯುವವರು ಕ್ಷಿಪಣಿಗಳನ್ನು ಹೆಚ್ಚಿಸಬೇಕಾಗಿಲ್ಲ, ಕಂಪ್ಯೂಟರ್‌ಗೆ ಕೆಂಪು ಕಣ್ಣು ಇಡಬೇಕಾಗಿಲ್ಲ. 1970ರಲ್ಲಿ ಮನುಷ್ಯರು ಯಂತ್ರಕ್ಕೆ ಶರಣಾದದ್ದು ಬೆದರಿಕೆಗೆ. ನಮ್ಮ ಕಾಲದಲ್ಲಿ ಬೆದರಿಕೆಯ ಅಗತ್ಯವೇ ಬೀಳುವುದಿಲ್ಲ, ಕೆಲಸ ಹಗುರವಾಗುತ್ತದೆಂದು ನಾವೇ ಒಂದೊಂದೇ ತೀರ್ಮಾನವನ್ನು ಅದಕ್ಕೆ ಒಪ್ಪಿಸುತ್ತೇವೆ. ಹೊಸ ಫೋರ್ಬಿನ್‌ನ ಕಷ್ಟ ಕ್ಯಾಮೆರಾಗಳಿಂದ ತಪ್ಪಿಸಿಕೊಳ್ಳುವುದಾಗಿರಬಾರದು. ಅಪಾಯವಿದೆ ಎಂದು ಅವನು ಹೇಳುವಾಗ ಸುತ್ತಲಿನವರೆಲ್ಲರೂ ಕೊಲೊಸಸ್‌ನಿಂದ ನಿಜವಾಗಿಯೂ ಉಪಕಾರ ಪಡೆದವರಾಗಿರಬೇಕು. ಆಗ ಪ್ರೀತಿಯ ಬಗ್ಗೆ ಆ ಯಂತ್ರ ಆಡುವ ಕೊನೆಯ ಮಾತಿಗೆ ಅವನೊಬ್ಬನು ಕೊಡುವ ಉತ್ತರ ಬಹುಮತಕ್ಕೆ ವಿರುದ್ಧವಾದ ಉತ್ತರವಾಗುತ್ತದೆ, ಅದನ್ನು ಹೇಳುವುದು 1970ರಲ್ಲಿ ಹೇಳಿದ್ದಕ್ಕಿಂತ ಬಹಳ ಕಷ್ಟವಾಗುತ್ತದೆ. ಆ ಚಿತ್ರವನ್ನು ಯಾರಾದರೂ ತೆಗೆದರೆ ಮೊದಲ ದಿನವೇ ನೋಡುತ್ತೇನೆ.